ಪ್ಲೇಟ್‌ಲೆಟ್ ಕಾರ್ಯಪರೀಕ್ಷೆ ಮತ್ತು ಖಾನಾಪುರದ ದೂರ: ಬೆಳಗಾವಿಯ ಒಂದು ಪೂರ್ವಾನುಭವದ ಬೆಳಕಿನಲ್ಲಿ

ಡೆಂಗೀ ಹಬ್ಬಿದ ಮಳೆಗಾಲದಲ್ಲಿ ಬೆಳಗಾವಿಯ ಆಸ್ಪತ್ರೆಗಳಲ್ಲಿ ರೋಗಿಯ ಕಡೆಯವರು ಮೊದಲು ಕೇಳುವುದು ‘ಪ್ಲೇಟ್‌ಲೆಟ್ ಎಷ್ಟ ಅದಾವ್ರಿ?’ ಎಂದು. ಎಣಿಸುವ ಯಂತ್ರ ತಾಲೂಕು ಮಟ್ಟಕ್ಕೂ ಬಂದಿದೆ. ಇರುವ ಪ್ಲೇಟ್‌ಲೆಟ್‌ಗಳು ಕೆಲಸ ಮಾಡುತ್ತಿವೆಯೇ ಎಂದು ತಿಳಿಯುವ ಸಾಧನ ಮಾತ್ರ ದೊಡ್ಡ ಪ್ರಯೋಗಾಲಯಗಳನ್ನು ದಾಟಿಲ್ಲ. ಸೋದರಸಂಬಂಧದಲ್ಲಿ ಮದುವೆಯಾಗುವ ರೂಢಿಯುಳ್ಳ ನಮ್ಮ ಸೀಮೆಗೆ ಇದು ದೊಡ್ಡ ಕೊರತೆ. 1918ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯ ಗ್ಲಾಂಜ್‌ಮನ್ ವಿವರಿಸಿದ ಕಾಯಿಲೆಯಲ್ಲಿ ಪ್ಲೇಟ್‌ಲೆಟ್ ಎಣಿಕೆ ಸರಿಯಾಗಿಯೇ ಇರುತ್ತದೆ. ಫೈಬ್ರಿನೋಜೆನ್ ಹಿಡಿದು ಒಂದಕ್ಕೊಂದು ಅಂಟಿಸುವ ಪೊರೆಯ ಪ್ರೋಟೀನಿನಲ್ಲಿ ದೋಷವಿರುತ್ತದೆ. ತಂದೆತಾಯಿ ಇಬ್ಬರಿಂದಲೂ ದೋಷದ ಜೀನ್ ಬಂದಾಗ ಮಗುವಿಗೆ ಮೂಗಿನಿಂದ ರಕ್ತ ಸುರಿಯುತ್ತದೆ, ಹುಡುಗಿಗೆ ಮುಟ್ಟಿನ ಸ್ರಾವ ನಿಲ್ಲುವುದಿಲ್ಲ. ವರದಿಯಲ್ಲಿ ಮಾತ್ರ ‘ನಾರ್ಮಲ್’ ಎಂದಿರುತ್ತದೆ.

1962ರಲ್ಲಿ ಗುಸ್ತಾವ್ ಬಾರ್ನ್ ರೂಪಿಸಿದ ವಿಧಾನವೇ ಇಂದಿಗೂ ಪ್ರಮಾಣ. ಪ್ಲೇಟ್‌ಲೆಟ್ ಸಮೃದ್ಧ ಪ್ಲಾಸ್ಮಾವನ್ನು ಬೇರ್ಪಡಿಸಿ, ಎಡಿಪಿ ಅಥವಾ ಕೊಲಾಜೆನ್ ಸೇರಿಸಿ, ಪ್ಲೇಟ್‌ಲೆಟ್‌ಗಳು ಗುಂಪುಗೂಡಿದಂತೆ ಪ್ಲಾಸ್ಮಾವನ್ನು ಹಾದು ಬರುವ ಬೆಳಕು ಹೆಚ್ಚುವುದನ್ನು ಅಳೆಯುತ್ತಾರೆ. ಆದರೆ ರಕ್ತ ತೆಗೆದ ಸುಮಾರು 4 ಗಂಟೆಗಳೊಳಗೆ ಪರೀಕ್ಷೆ ಮುಗಿಯಬೇಕು. ಮಾದರಿ ಕುಲುಕಬಾರದು, ತಣ್ಣಗಾಗಬಾರದು. ಸಾಂಬ್ರಾದಿಂದ ನಗರಕ್ಕೆ ಹತ್ತು ಕಿಲೋಮೀಟರಿನ ಆಸುಪಾಸು. ಅಲ್ಲಿಯ ಮಾದರಿ ಹೊತ್ತಿಗೆ ಮುಟ್ಟುತ್ತದೆ. ಖಾನಾಪುರ ತಾಲೂಕಿನ ಕಣಕುಂಬಿ, ಜಾಂಬೋಟಿಯ ದಾರಿ ಬೇರೆ. ಭೀಮಗಡ ಕಾಡಿನೊಳಗಿನ ಆಮಗಾಂವದಂಥ ಊರುಗಳಲ್ಲಿ ಮಳೆಗಾಲದಲ್ಲಿ ರೋಗಿಯನ್ನೇ ಹೊತ್ತು ಹಳ್ಳ ದಾಟಿಸಬೇಕಾಗುತ್ತದೆ. ಹಾಗಾಗಿ ಪರೀಕ್ಷೆಯೇ ರೋಗಿಯ ಬಳಿಗೆ ಹೋಗಬೇಕು.

ಹಾಸಿಗೆಯ ಪಕ್ಕದಲ್ಲೇ ಬಳಸುವ ಯಂತ್ರಗಳು ಇಲ್ಲವೆಂದಲ್ಲ. ಪಿಎಫ್‌ಎ-100 ಕೊಲಾಜೆನ್ ಲೇಪಿಸಿದ ಪೊರೆಯ ರಂಧ್ರದ ಮೂಲಕ ರಕ್ತವನ್ನು ಹರಿಸಿ, ರಂಧ್ರ ಮುಚ್ಚಲು ಹಿಡಿಯುವ ಸಮಯವನ್ನು ಅಳೆಯುತ್ತದೆ. ಆದರೆ ಎಣಿಕೆ ಒಂದು ಲಕ್ಷಕ್ಕಿಂತ ಕೆಳಗಿಳಿದರೆ ಅಥವಾ ರಕ್ತಹೀನತೆ ಇದ್ದರೆ, ಪ್ಲೇಟ್‌ಲೆಟ್‌ಗಳಲ್ಲಿ ದೋಷವಿಲ್ಲದಿದ್ದರೂ ಆ ಸಮಯ ಹಿಗ್ಗುತ್ತದೆ. ಡೆಂಗೀ ರೋಗಿಗಳಿಗೂ ನಮ್ಮ ಅನೇಕ ಬಸುರಿಯರಿಗೂ ಅದರ ಉತ್ತರ ನೆಚ್ಚಲಾಗದು. ದುಬಾರಿ ಕಾರ್ಟ್ರಿಜ್‌ಗಳ ಮಾತು ಆಮೇಲಿನದು.

ಇಲ್ಲಿ ಬೆಳಗಾವಿಯದೇ ಒಂದು ಪಾಠವಿದೆ. ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಸಂಶೋಧಕರು ಹಳ್ಳಿಯ ಹೆರಿಗೆಗಳಲ್ಲಿ ಮಿಸೋಪ್ರೋಸ್ಟೋಲ್ ಮಾತ್ರೆಯನ್ನು ಪರೀಕ್ಷಿಸಿದಾಗ (ಫಲಿತಾಂಶ 2006ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು) ರಕ್ತಸ್ರಾವ ಅಳೆಯಲು ಅಳತೆಗೆರೆಗಳುಳ್ಳ ಪ್ಲಾಸ್ಟಿಕ್ ಹಾಸು ಬಳಸಿದರು. 1620 ಮಹಿಳೆಯರ ಆ ಅಧ್ಯಯನದಲ್ಲಿ ಹೆರಿಗೆಯ ನಂತರದ ಅತಿಸ್ರಾವ ಶೇ. 12ರಿಂದ 6.4ಕ್ಕೆ ಇಳಿಯಿತು. ಕಣ್ಣಂದಾಜು ಹಾಸಿನ ಅಳತೆಗಿಂತ ಶೇ. 33ರಷ್ಟು ಕಡಿಮೆ ತೋರಿಸುತ್ತಿತ್ತೆಂಬುದೂ ಗೊತ್ತಾಯಿತು. ವಿದ್ಯುತ್ ಬೇಡ, ತಂತ್ರಜ್ಞ ಬೇಡ. ಗೆರೆ ಓದಲು ಎಎನ್‌ಎಂ ಸಾಕು. 2023ರಲ್ಲಿ ಪ್ರಕಟವಾದ ಆಫ್ರಿಕಾದ ನಾಲ್ಕು ದೇಶಗಳ ಇ-ಮೋಟಿವ್ ಪ್ರಯೋಗವೂ ಇಂಥದೇ ಅಳತೆಹಾಸನ್ನು ನೆಚ್ಚಿತು. ಪ್ಲೇಟ್‌ಲೆಟ್ ಪರೀಕ್ಷೆಗೂ ಇದೇ ಮಾದರಿಯಾಗಬೇಕೆಂಬುದು ನನ್ನ ವಾದ.

ಆ ದಿಕ್ಕಿನಲ್ಲಿ ಪಠ್ಯಗಳು ಬದಿಗಿಟ್ಟಿರುವ ಹೆಪ್ಪು ಕುಗ್ಗುವಿಕೆಯ ಪರೀಕ್ಷೆಯನ್ನು ಮತ್ತೆ ನೋಡಬೇಕು. ಗಾಜಿನ ನಳಿಕೆಯಲ್ಲಿ ಏನೂ ಬೆರೆಸದ ರಕ್ತವನ್ನು 37 ಡಿಗ್ರಿಯಲ್ಲಿಟ್ಟರೆ ಒಂದೆರಡು ಗಂಟೆಗಳಲ್ಲಿ ಹೆಪ್ಪು ಕುಗ್ಗಿ ಸೀರಂ ಬಿಡುತ್ತದೆ. ಫೈಬ್ರಿನ್ ಎಳೆಗಳನ್ನು ಎಳೆದು ಬಿಗಿಯುವುದು ಪ್ಲೇಟ್‌ಲೆಟ್‌ಗಳೇ. ಗ್ಲಾಂಜ್‌ಮನ್ ಕಾಯಿಲೆಯ ಪೂರ್ಣರೂಪದಲ್ಲಿ ಹೆಪ್ಪು ಕುಗ್ಗುವುದೇ ಇಲ್ಲ. ಅದನ್ನು ಬರಿಗಣ್ಣಿಗೇ ಕಾಣಬಹುದು. ಮಿತಿಗಳೂ ಇವೆ. ಆಸ್ಪಿರಿನ್ ಪರಿಣಾಮ, ವಾನ್ ವಿಲ್ಲೆಬ್ರಾಂಡ್ ಕಾಯಿಲೆ ಇದರಿಂದ ತಿಳಿಯವು. ಎಣಿಕೆ ತೀರಾ ಕಡಿಮೆಯಾದರೂ ಹೆಪ್ಪು ಕುಗ್ಗದು. ಆಸ್ಪಿರಿನ್‌ಗೆ ಅರಾಕಿಡೋನಿಕ್ ಆಮ್ಲ ಬಳಸುವ ಬೇರೆ ಪರೀಕ್ಷೆಯೇ ಬೇಕು. ಅದರ ಅಗತ್ಯವೂ ಇಲ್ಲಿದೆ: ಅವಧಿಪೂರ್ವ ಹೆರಿಗೆ ತಡೆಯಲು ದಿನಕ್ಕೆ 81 ಮಿ.ಗ್ರಾಂ ಆಸ್ಪಿರಿನ್ ಕೊಟ್ಟ, 2020ರಲ್ಲಿ ಪ್ರಕಟವಾದ ಬಹುರಾಷ್ಟ್ರೀಯ ಪ್ರಯೋಗದ ಒಂದು ಕೇಂದ್ರ ಬೆಳಗಾವಿಯೇ ಆಗಿತ್ತು.

ಆದ್ದರಿಂದ ಅಳತೆಗೆರೆಯ ನಳಿಕೆ, ಬ್ಯಾಟರಿಯ ಬಿಸಿಪೆಟ್ಟಿಗೆ ಮತ್ತು ಹಿಮೋಗ್ಲೋಬಿನ್‌ಗೆ ಹೊಂದಿಸಿದ ಓದುಪಟ್ಟಿ ಇಷ್ಟನ್ನು ಮೊದಲು ಸಿದ್ಧಪಡಿಸಬೇಕು. ಅದೇ ರೋಗಿಯ ರಕ್ತವನ್ನು ಅದೇ ದಿನ ನಗರದಲ್ಲಿ ಬಾರ್ನ್ ವಿಧಾನದಿಂದಲೂ ನೋಡಿ ಹೋಲಿಸಬೇಕು. ಖಾನಾಪುರದಲ್ಲಿ ನಳಿಕೆ ಓದುವವರು ಅಲ್ಲಿಯ ದಾದಿಯರೇ ಆಗಿರಬೇಕು. ತಜ್ಞರ ಕೈಯಲ್ಲಿ ಮಾತ್ರ ಗೆಲ್ಲುವ ಪರೀಕ್ಷೆಯನ್ನು ಈ ತಾಲೂಕಿಗೆ ಶಿಫಾರಸು ಮಾಡಲಾಗದು.