ಅಳತೆಗೋಲು ಯಾರ ಕೈಯಲ್ಲಿ?

1047ರಲ್ಲಿ ಬಳ್ಳಿಗಾವಿಯಲ್ಲಿ ಒಂದು ಕಲ್ಲಿನ ಕಂಬ ಎದ್ದು ನಿಂತಿತು. ನಿಲ್ಲಿಸಿದವನು ಬನವಾಸಿ ಹನ್ನೆರಡು ಸಾವಿರ ಎಂಬ ದೊಡ್ಡ ನಾಡನ್ನು ಆಳುತ್ತಿದ್ದ ಮಹಾಮಂಡಳೇಶ್ವರ ಚಾವುಂಡರಾಯರಸ. ಕಂಬದ ಮೇಲಿನ ಮೂರ್ತಿಗೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಅದೇ ಗಂಡಭೇರುಂಡ. ಪ್ರವಾಸಿಗರು ಇದನ್ನು ಶಿಲ್ಪವೆಂದು ನೋಡಿ ಮುಂದೆ ಹೋಗುತ್ತಾರೆ. ಆದರೆ ಆ ಕಾಲದ ಶಾಸನಗಳಲ್ಲಿ ಭೂಮಿ ದಾನ ಕೊಡುವ ಮಾತು ಬಂದಾಗ ‘ಭೇರುಂಡ ಗಳೆ’ಯಿಂದ ಅಳೆದು ಕೊಟ್ಟದ್ದೆಂದು ಬರೆದಿದೆ. ಗದ್ದೆ ಎಷ್ಟು ಮತ್ತರು, ತೋಟ ಎಷ್ಟು ಕಮ್ಮ ಎಂಬ ಲೆಕ್ಕಕ್ಕೆ ಊರಿಗೆಲ್ಲ ಗೊತ್ತಿರುವ ಒಂದು ಕೋಲು ಬೇಕಿತ್ತು. ಆ ಕೋಲಿಗೆ ಊರಿಗೆಲ್ಲ ಗೊತ್ತಿರುವ ಒಂದು ಹೆಸರೂ ಇತ್ತು.

ಬಳ್ಳಿಗಾವಿಯ ಸೀಮೆಯಲ್ಲೇ ಇರುವ ಅಂಬ್ಲಿಗೊಳ ಎಂದರೆ ಇಂದು ಜನರಿಗೆ ಮೊದಲು ನೆನಪಾಗುವುದು ಅಲ್ಲಿನ ಜಲಾಶಯ. ಆ ಊರು ಸೇರಿರುವ ಶಿಕಾರಿಪುರ–ಸೊರಬ ಸೀಮೆಯಲ್ಲಿ ಬಳ್ಳಿಗಾವಿ, ತಾಳಗುಂದ, ಬಂದಳಿಕೆ, ಕುಬಟೂರು, ಉದ್ರಿ, ಚಂದ್ರಗುತ್ತಿ ಎಂದು ಹೆಜ್ಜೆಹೆಜ್ಜೆಗೂ ಹಳೆಯ ಊರುಗಳು ಸಿಗುತ್ತವೆ. ಬಿ.ಎಲ್. ರೈಸ್ ತಮ್ಮ ಶಾಸನ ಸಂಪುಟಗಳ ಏಳನೆಯದನ್ನು 1902ರಲ್ಲೂ ಎಂಟನೆಯದನ್ನು 1904ರಲ್ಲೂ ಹೊರತಂದರು. ಈ ಎರಡು ತಾಲ್ಲೂಕುಗಳ ಶಾಸನಗಳು ಇರುವುದು ಆ ಸಂಪುಟಗಳಲ್ಲಿ. ರಾಜರ ಬಿರುದುಗಳನ್ನು ದಾಟಿ ಕೆಳಗಿನ ಸಾಲುಗಳಿಗೆ ಬಂದರೆ, ಇಂದಿನ ಪುರಸಭೆಯ ಕಡತಗಳಲ್ಲಿ ಇರುವ ಸಂಗತಿಗಳೇ ಅಲ್ಲೂ ಇವೆ. ಯಾವ ಜಾಗ ಯಾರದ್ದು, ಯಾವ ಸರಕಿಗೆ ಎಷ್ಟು ಸುಂಕ, ಆ ಸುಂಕ ಯಾವ ಕೆಲಸಕ್ಕೆ, ಯಾರ ಎದುರಿಗೆ ತೀರ್ಮಾನವಾಯಿತು ಎಂಬುದೆಲ್ಲ ಕಲ್ಲಿನ ಮೇಲಿದೆ.

ಬಳ್ಳಿಗಾವಿ ಸಣ್ಣ ಊರಾಗಿರಲಿಲ್ಲ. ಮೂರು ಪುರ, ಐದು ಮಠ, ಏಳು ಬ್ರಹ್ಮಪುರಿಗಳ ಪಟ್ಟಣವೆಂದು ಶಾಸನಗಳು ಅದನ್ನು ವರ್ಣಿಸುತ್ತವೆ. ಹರಿ, ಹರ, ಬ್ರಹ್ಮ, ಜಿನ, ಬುದ್ಧ ಎಲ್ಲರಿಗೂ ಅಲ್ಲಿ ನೆಲೆಯಿತ್ತು. 1065ರಲ್ಲಿ ರೂಪಭಟ್ಟಯ್ಯ ಎಂಬ ಅಧಿಕಾರಿ ಅಲ್ಲಿ ಬೌದ್ಧ ವಿಹಾರವೊಂದನ್ನು ಕಟ್ಟಿಸಿದ. ಅದಾದ ಮೂರೇ ವರ್ಷಕ್ಕೆ, 1068ರಲ್ಲಿ, ಅದೇ ಪಟ್ಟಣದ ಶಾಂತಿನಾಥ ಬಸದಿ ಕಲ್ಲಿನ ಕಟ್ಟಡವಾಯಿತು. ಒಂದು ಕೇರಿಯಲ್ಲಿ ವೇದಪಾಠ, ಇನ್ನೊಂದು ಕಡೆ ತಾರಾ ಭಗವತಿಯ ಪೂಜೆ, ಮತ್ತೊಂದು ಕಡೆ ಕಾಳಾಮುಖ ಗುರುಗಳ ಮಠ. ಇಷ್ಟು ಬಗೆಯ ಜನ ಒಂದೇ ಊರಿನಲ್ಲಿ ಬದುಕಬೇಕಾದರೆ ಕೇರಿ, ಅಂಗಡಿಬೀದಿ, ದೇವಸ್ಥಾನದ ಭೂಮಿ ಇವುಗಳ ಎಲ್ಲೆ ಸ್ಪಷ್ಟವಾಗಿರಲೇಬೇಕು.

ಎಲ್ಲೆ ಗುರುತಿಸುವ ಬಗೆಯನ್ನು ದಾನಶಾಸನಗಳ ಕೊನೆಯ ಸಾಲುಗಳಲ್ಲಿ ನೋಡಬಹುದು. ಮೂಡಣಕ್ಕೆ ಹಳ್ಳ, ಆಗ್ನೇಯಕ್ಕೆ ನಟ್ಟ ಕಲ್ಲು, ತೆಂಕಣಕ್ಕೆ ಹುಣಿಸೆಮರ, ಪಡುವಣಕ್ಕೆ ಕೆರೆಯ ಕೋಡಿ ಎಂಬ ರೀತಿಯಲ್ಲಿ ಎಂಟು ದಿಕ್ಕನ್ನೂ ಸುತ್ತಿ ಬರುತ್ತದೆ ವಿವರ. ಶಿವಾಲಯದ ಭೂಮಿಗೆ ಲಿಂಗಮುದ್ರೆಯ ಕಲ್ಲು, ಬಸದಿಯ ಭೂಮಿಗೆ ಮುಕ್ಕೊಡೆಯ ಕಲ್ಲು, ಅಗ್ರಹಾರದ ಭೂಮಿಗೆ ಎಷ್ಟೋ ಕಡೆ ವಾಮನಮುದ್ರೆಯ ಕಲ್ಲು. ಅಕ್ಷರ ಬಾರದವರೂ ಕಲ್ಲಿನ ಮೇಲಿನ ಚಿತ್ರ ನೋಡಿ ಇದು ಯಾರ ಭೂಮಿ ಎಂದು ಹೇಳಬಹುದಿತ್ತು. ಅದರ ಮೇಲೂ ಅತಿಕ್ರಮಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಬರುತ್ತದೆಂಬ ಶಾಪ. ಇಷ್ಟಾದರೂ ಗಡಿಜಗಳ ನಿಲ್ಲಲಿಲ್ಲ. ಊರಿಗಾಗಿ, ದನಕ್ಕಾಗಿ, ಗಡಿಗಾಗಿ ಹೋರಾಡಿ ಸತ್ತವರ ವೀರಗಲ್ಲುಗಳು ಸೊರಬ ತಾಲ್ಲೂಕಿನ ಹಳ್ಳಿಹಳ್ಳಿಗಳಲ್ಲಿ ಹೇರಳವಾಗಿವೆ.

ಸುಂಕದ ವಿಷಯಕ್ಕೆ ಬಂದರೆ ಅದು ಒಂದು ದೊಡ್ಡ ಖಾತೆಯೇ. ಪನ್ನಾಯ, ವಡ್ಡರಾವುಳ, ಪೆರ್ಜುಂಕ, ಬಿಲ್ಕೊಡೆ ಎಂದು ಅದಕ್ಕೆ ಹಲವು ಹೆಸರು. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಅನಂತಪಾಲ ಬನವಾಸಿ ನಾಡನ್ನು ಆಳುವುದರ ಜೊತೆಗೆ ಅಚ್ಚುಪನ್ನಾಯ ಎಂಬ ಸುಂಕವನ್ನೂ ನೋಡಿಕೊಳ್ಳುತ್ತಿದ್ದ. ಆದರೆ ಸುಂಕವೆಲ್ಲ ರಾಜಧಾನಿಗೆ ಹೋಗುತ್ತಿರಲಿಲ್ಲ. ಕನ್ನಡ ನಾಡಿನ ಪಟ್ಟಣಗಳಲ್ಲಿ ಸೆಟ್ಟಿಗಳ ‘ನಗರ’ ಎಂಬ ಕೂಟವಿತ್ತು, ಅದಕ್ಕೆ ಪಟ್ಟಣಸ್ವಾಮಿ ಎಂಬ ಮುಖ್ಯಸ್ಥನಿದ್ದ. ಇಲ್ಲಿಗೆ ದೂರವಲ್ಲದ ಹುಂಚದಲ್ಲಿ 1062ರಲ್ಲಿ ಬಸದಿ ಕಟ್ಟಿಸಿದ ನೊಕ್ಕಯ್ಯ ಸೆಟ್ಟಿಯನ್ನು ಶಾಸನಗಳು ಪಟ್ಟಣಸ್ವಾಮಿ ಎಂದೇ ಕರೆಯುತ್ತವೆ. ಇಂಥ ಕೂಟಗಳು ಎಲೆಯ ಹೇರಿಗೆ ಇಷ್ಟು ಎಲೆ, ಗಾಣಕ್ಕೆ ಇಷ್ಟು ಎಣ್ಣೆ ಎಂದು ತಾವೇ ಒಪ್ಪಿ ದೇವಸ್ಥಾನದ ದೀಪಕ್ಕೋ ಮಠದ ಊಟಕ್ಕೋ ಬಿಟ್ಟುಕೊಡುತ್ತಿದ್ದವು. ಕೊಡುವವರೇ ಕುಳಿತು ಒಪ್ಪಿದ ಸುಂಕ ಅದು. ಎಲ್ಲಿಂದ ಬಂದು ಎಲ್ಲಿಗೆ ಹೋಯಿತೆಂಬುದನ್ನು ಊರ ನಡುವೆ ಕಲ್ಲಿನಲ್ಲಿ ಬರೆದೂ ಇಟ್ಟರು. ಒಂಬೈನೂರು ವರ್ಷಗಳ ಬಳಿಕವೂ ಆ ಲೆಕ್ಕವನ್ನು ಓದಬಹುದು.

ಆ ಹಣ, ಧಾನ್ಯ ಏನಾಗುತ್ತಿತ್ತು? ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠದ 1162ರ ಶಾಸನ ಉತ್ತರ ಹೇಳುತ್ತದೆ. ನಾಲ್ಕು ವೇದ, ವ್ಯಾಕರಣ, ಆರು ದರ್ಶನ, ಯೋಗ, ಹದಿನೆಂಟು ಪುರಾಣ, ಕಾವ್ಯ, ನಾಟಕಗಳ ಪಾಠ ಅಲ್ಲಿ ನಡೆಯುತ್ತಿತ್ತು. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಅಲ್ಲಿ ಉಣ್ಣುತ್ತಿದ್ದರು. ಹಾಡುವವರು, ಕಥೆ ಹೇಳುವವರು, ಬೇರೆ ಬೇರೆ ಪಂಥದ ಸನ್ಯಾಸಿಗಳು, ಜೈನ ಕ್ಷಪಣಕರು ಕೂಡ ಆ ಪಂಕ್ತಿಯಲ್ಲಿದ್ದರು. ರೋಗಿಗಳಿಗೆ ಔಷಧಿ ಕೊಡುತ್ತಿದ್ದರು, ಹೆದರಿ ಬಂದವರಿಗೆ ಅಭಯ ಕೊಡುತ್ತಿದ್ದರು. ದಂಡೆತ್ತಿ ಬಂದಿದ್ದ ಕಳಚುರಿ ಬಿಜ್ಜಳ ಬಳ್ಳಿಗಾವಿಯಲ್ಲಿ ಬೀಡುಬಿಟ್ಟಿದ್ದಾಗ ಈ ಮಠಕ್ಕೆ ದತ್ತಿ ಸಂದಿತು. ಪಕ್ಕದ ತಾಳಗುಂದದ ಪ್ರಣವೇಶ್ವರ ದೇವಾಲಯದ ಶಾಲೆಯಲ್ಲಿ ಅದೇ ಶತಮಾನದಲ್ಲಿ 48 ವಿದ್ಯಾರ್ಥಿಗಳಿದ್ದರು. ವೇದಶಾಸ್ತ್ರಗಳ ಗುರುಗಳ ಜೊತೆಗೆ ಕನ್ನಡ ಕಲಿಸುವ ಉಪಾಧ್ಯಾಯರಿಗೂ ಅಡುಗೆಯವರಿಗೂ ಅಲ್ಲಿ ಪಾಲು ಗೊತ್ತುಮಾಡಿತ್ತು.

ಊರಿನ ಆಡಳಿತವೆಂದರೆ ಗಂಡಸರದೇ ಎಂಬ ಮಾತಿಗೆ ಬಂದಳಿಕೆಯ ಶಾಸನ ತಡೆ ಹಾಕುತ್ತದೆ. ಹತ್ತನೆಯ ಶತಮಾನದ ಆರಂಭದಲ್ಲಿ ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನ ತೀರಿಕೊಂಡಾಗ, ಆ ಹುದ್ದೆಯನ್ನು ರಾಷ್ಟ್ರಕೂಟರು ಅವನ ಹೆಂಡತಿ ಜಕ್ಕಿಯಬ್ಬೆಗೆ ಕೊಟ್ಟರು. ಅವಳು ನಾಡನ್ನು ಚೆನ್ನಾಗಿ ಆಳಿದಳು. ರೋಗ ಬಂದಾಗ ಮಗಳನ್ನು ಕರೆಸಿ ಅಧಿಕಾರ ವಹಿಸಿಕೊಟ್ಟು, ಬಂದಳಿಕೆಯಲ್ಲಿ ವ್ರತ ಹಿಡಿದು ದೇಹ ಬಿಟ್ಟಳು. ಮಹಿಳಾ ಮೀಸಲಾತಿಯ ಕಾಯಿದೆಗೆ ಒಂದು ಸಾವಿರ ವರ್ಷ ಮೊದಲಿನ ಮಾತಿದು.

ಹಾಗೆಂದು ಹಳೆಯ ಕಾಲವನ್ನು ಸುವರ್ಣಯುಗ ಮಾಡಬೇಕಾಗಿಲ್ಲ. ‘ಮಹಾಜನ’ರೆಂದರೆ ಎಲ್ಲ ಜನರೂ ಅಲ್ಲ, ಅಗ್ರಹಾರದ ಬ್ರಾಹ್ಮಣರು. ‘ನಗರ’ವೆಂದರೆ ವ್ಯಾಪಾರಿಗಳು. ಗದ್ದೆಯಲ್ಲಿ ಬಗ್ಗಿ ದುಡಿದವರಿಗೆ, ಊರ ಹೊರಗೆ ಇರಬೇಕಾಗಿದ್ದವರಿಗೆ ಆ ಸಭೆಗಳಲ್ಲಿ ಕೂರುವ ಜಾಗವಿರಲಿಲ್ಲ. ಅಳತೆಗೋಲು ಎಲ್ಲರ ಕಣ್ಣೆದುರಿಗೆ ಇತ್ತು, ಹಿಡಿದವರು ಮಾತ್ರ ಕೆಲವರೇ.

ಮುಂದೆ ಈ ಸೀಮೆಯನ್ನು ಕೆಳದಿಯ ಶಿವಪ್ಪನಾಯಕ 1645ರಿಂದ 1660ರವರೆಗೆ ಆಳಿದ. ಅವನ ಭೂಕಂದಾಯದ ‘ಶಿಸ್ತು’ ಮಲೆನಾಡಿನ ರೈತರ ಬಾಯಲ್ಲಿ ಇಂದಿಗೂ ಇದೆ. ರೈಸ್ ತಮ್ಮ ಗೆಜೆಟಿಯರಿನಲ್ಲಿ ಅದರ ಕ್ರಮವನ್ನು ವಿವರಿಸಿದ್ದಾರೆ. ಪ್ರತಿ ಊರಿನಲ್ಲೂ ಒಂದೊಂದು ಬಗೆಯ ಭೂಮಿಯಲ್ಲಿ ಒಂದೊಂದು ಹೊಲವನ್ನು ಸರ್ಕಾರದ ಖರ್ಚಿನಲ್ಲೇ ಹನ್ನೆರಡು ವರ್ಷ ಬೇಸಾಯ ಮಾಡಿಸಿದರು. ಬಿತ್ತಿದ ಬೀಜ, ಕೂಲಿ, ಬೆಳೆ, ಧಾರಣೆ ಎಲ್ಲದರ ಲೆಕ್ಕ ಇಟ್ಟರು. ಸರಾಸರಿ ತೆಗೆದು ಮೂರನೆಯ ಒಂದು ಪಾಲನ್ನು ಕಂದಾಯವೆಂದು ಗೊತ್ತುಮಾಡಿದರು. ಅಡಿಕೆ ತೋಟದ ಅಳತೆಗೆ ಹಿಡಿದ ಕೋಲು ಇಕ್ಕೇರಿಯ ಅಘೋರೇಶ್ವರ ದೇವಾಲಯದ ಕಲ್ಲಿನ ಮೆಟ್ಟಿಲಿನಷ್ಟು ಉದ್ದ, ಅಂದರೆ 18 ಅಡಿ 6 ಇಂಚು. ಶಾನುಭೋಗನ ಕೋಲಿನ ಮೇಲೆ ಸಂಶಯ ಬಂದ ರೈತ ಇಕ್ಕೇರಿಗೆ ಹೋಗಿ ಮೆಟ್ಟಿಲಿಗೆ ತಾಳೆ ನೋಡಬಹುದಿತ್ತು. ಈ ಸೀಮೆಯ ಆಡಳಿತದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಸಾಧನೆ ಬೇರೆ ಕಾಣುವುದಿಲ್ಲ.

ಮುಂದಿನ ಶತಮಾನಗಳಲ್ಲಿ ಆ ತಾಳೆ ತಪ್ಪಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ತಾಲ್ಲೂಕಿನ ವಸೂಲಿ ‘ಶರತ್ತು’ ಪದ್ಧತಿಗೆ ಬಿತ್ತು. ಇಷ್ಟು ಹಣ ಕಟ್ಟುತ್ತೇನೆಂದು ಅಮಲ್ದಾರ ಬರೆದುಕೊಡಬೇಕು, ರೈತರಿಂದ ಅದನ್ನು ಹೇಗಾದರೂ ಎತ್ತಬೇಕು. 1830ರಲ್ಲಿ ರೈತರು ಕೂಟ ಕಟ್ಟಿದರು. ನಗರ ಸೀಮೆಯ ಹೆಸರಿನಲ್ಲಿ ‘ನಗರ ದಂಗೆ’ ಎಂದು ಚರಿತ್ರೆಯಲ್ಲಿ ದಾಖಲಾದ ಆ ಹೋರಾಟ ಮುಂದಿನ ವರ್ಷ ಮೈಸೂರಿನ ಆಡಳಿತವನ್ನೇ ಬ್ರಿಟಿಷರ ಕೈಗೆ ದಾಟಿಸಿತು. ಕಮಿಷನರ್ ಮಾರ್ಕ್ ಕಬ್ಬನ್ನರ ಕಾಲದಲ್ಲಿ 769 ಚಿಲ್ಲರೆ ತೆರಿಗೆಗಳು ರದ್ದಾದವು. ಮದುವೆಗೆ, ಮಗು ಹುಟ್ಟಿದ್ದಕ್ಕೆ, ಹೆಸರಿಟ್ಟದ್ದಕ್ಕೆ, ಮಗುವಿನ ತಲೆಗೂದಲು ತೆಗೆಸಿದ್ದಕ್ಕೆ ಎಲ್ಲ ತೆರಿಗೆ ಇತ್ತು. ಒಂದು ಊರಿನವರು ತಮ್ಮ ಹಿರಿಯರು ಪಾಳೆಯಗಾರನ ತಪ್ಪಿಸಿಕೊಂಡ ಕುದುರೆಯನ್ನು ಹುಡುಕಿಕೊಡಲಿಲ್ಲವೆಂದು ತೆರಿಗೆ ಕಟ್ಟುತ್ತಿದ್ದರು. ನಗರ ಸೀಮೆಯ ಒಂದು ಜಾಗದಲ್ಲಿ ಕೈಗಳನ್ನು ಮೈಗೆ ಒತ್ತಿಕೊಳ್ಳದೆ ನಡೆದುಹೋದವನಿಗೆ ದಂಡ. ಯಾರಿಗೂ ಕಾರಣ ಹೇಳಬೇಕಾಗಿಲ್ಲದ ಕಡೆ ಸುಂಕ ಹೀಗೆ ಬೆಳೆಯುತ್ತದೆ.

1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ಇನ್ನೊಂದು ದಾರಿ ಹಿಡಿಯಿತು. ಕ್ವಿಟ್ ಇಂಡಿಯಾ ಚಳವಳಿಯ ದಿನಗಳಲ್ಲಿ ಊರವರು ಕಂದಾಯ ಕೊಡುವುದಿಲ್ಲವೆಂದರು. ವಸೂಲಿಗೆ ಬಂದವರ ಲೆಕ್ಕದ ಪುಸ್ತಕಗಳನ್ನು ಕಿತ್ತುಕೊಂಡರು. ತಮ್ಮದೇ ಸರ್ಕಾರ ಸ್ಥಾಪಿಸಿ ಜಯಪ್ಪ ಎಂಬ ಬಾಲಕನನ್ನು ಅಮಲ್ದಾರನನ್ನಾಗಿ, ಮಲ್ಲಪ್ಪ ಎಂಬ ಬಾಲಕನನ್ನು ಸಬ್ ಇನ್‌ಸ್ಪೆಕ್ಟರನನ್ನಾಗಿ ಮಾಡಿದರು. ಏಸೂರು ಕೊಟ್ಟರೂ ಈಸೂರು ಕೊಡೆವು ಎಂಬ ಘೋಷಣೆ ನಾಡಿನಲ್ಲೆಲ್ಲ ಹಬ್ಬಿತು. ಸೆಪ್ಟೆಂಬರ್ 28ರ ಘರ್ಷಣೆಯಲ್ಲಿ ಇಬ್ಬರು ಅಧಿಕಾರಿಗಳು ಸತ್ತರು. ಊರು ಪೊಲೀಸರ ಕೈಯಲ್ಲಿ ನಲುಗಿತು. 1943ರ ಮಾರ್ಚಿನಲ್ಲಿ ಐವರು ಗಲ್ಲಿಗೇರಿದರು.

ಸ್ವಾತಂತ್ರ್ಯ ಬಂದ ಮೇಲೂ ಅಳತೆಯ ಜಗಳ ಮುಗಿಯಲಿಲ್ಲ. 1951ರ ಏಪ್ರಿಲಿನಲ್ಲಿ ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದದ್ದು ಕೊಳಗದ ವಿಷಯಕ್ಕೆ. ಗೇಣಿ ಭತ್ತ ಅಳೆದುಕೊಳ್ಳುವಾಗ ಒಡೆಯರು ಬಳಸುತ್ತಿದ್ದ ಕೊಳಗ ದೊಡ್ಡದು ಎಂಬುದು ಅವರ ದೂರು. ಗೇಣಿದಾರರನ್ನು ಎಚ್. ಗಣಪತಿಯಪ್ಪ ಸಂಘಟಿಸಿದರು, ಸಮಾಜವಾದಿಗಳು ಜೊತೆಗೂಡಿದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ಹೋರಾಟದ ಹಾದಿಯಲ್ಲೇ 1974ರ ಭೂ ಸುಧಾರಣೆ ಬಂದು ಉಳುವವನು ಹೊಲದೊಡೆಯನಾದ.

ಈಗ ಕೋಲು, ಕೊಳಗ ಎರಡೂ ಇಲ್ಲ. ಪಟ್ಟಣಗಳಿಗೆ 1964ರ ಪುರಸಭೆಗಳ ಕಾಯಿದೆ, ಬಡಾವಣೆಗಳಿಗೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ, ಹಳ್ಳಿಗಳಿಗೆ 1993ರ ಪಂಚಾಯತ್ ರಾಜ್ ಕಾಯಿದೆ. ಶಿಕಾರಿಪುರ ಪುರಸಭೆಗೆ 1975ರಲ್ಲಿ ಸದಸ್ಯರಾಗಿ ಆಯ್ಕೆಯಾಗಿ ಮುಂದೆ ಅದರ ಅಧ್ಯಕ್ಷರಾದ ಬಿ.ಎಸ್. ಯಡಿಯೂರಪ್ಪ ರಾಜ್ಯದ ಮುಖ್ಯಮಂತ್ರಿಯಾದರು. ಸೊರಬದ ಕುಬಟೂರಿನ ಎಸ್. ಬಂಗಾರಪ್ಪ ಕೂಡ ಮುಖ್ಯಮಂತ್ರಿಯಾದವರೇ. ಅಧಿಕಾರದ ದೃಷ್ಟಿಯಿಂದ ಈ ಸೀಮೆ ಹಿಂದುಳಿದದ್ದಲ್ಲ. ಆದರೂ ಸೈಟು ಕೊಂಡವನ ಪಾಡು ಬೇರೆಡೆಯಂತೆಯೇ ಇದೆ. ಹೊಲವನ್ನು ಅಲಿನೇಷನ್ ಮಾಡಿಸದೆ ತುಂಡು ಮಾಡಿ ಮಾರಿದ ರೆವಿನ್ಯೂ ಸೈಟು, ಚರಂಡಿಯಿಲ್ಲದ ಲೇಔಟು, ಇ-ಸ್ವತ್ತಿಗಾಗಿ ಅಲೆದಾಟ. 2025ರ ಫೆಬ್ರುವರಿಯಲ್ಲಿ ಸರ್ಕಾರ ರಾಜ್ಯದ ಎಲ್ಲ ಪಟ್ಟಣಗಳಲ್ಲೂ ಅನಧಿಕೃತ ಸ್ವತ್ತುಗಳಿಗೆ ಬಿ ಖಾತಾ ಕೊಡುವ ಅಭಿಯಾನ ಘೋಷಿಸಿತು. ಅಂಥ ಸ್ವತ್ತುಗಳು ಎಷ್ಟು ವ್ಯಾಪಕವಾಗಿವೆ ಎಂಬುದಕ್ಕೆ ಅದೇ ಸಾಕ್ಷಿ. ಮನೆ ಕಂದಾಯ ಮಾರ್ಗಸೂಚಿ ಬೆಲೆಯ ಮೇಲೆ ನಿಲ್ಲುತ್ತದೆ. ಆ ಬೆಲೆ ತನ್ನ ಬೀದಿಗೆ ಹೇಗೆ ಬಂತೆಂದು ಹೇಳಬಲ್ಲ ಮನೆಯೊಡೆಯ ಅಪರೂಪ. ಎಷ್ಟೋ ಊರುಗಳಲ್ಲಿ ಸಂತೆಯ ಸುಂಕ ಎತ್ತುವ ಹಕ್ಕು ವರ್ಷಕ್ಕೊಮ್ಮೆ ಹರಾಜಾಗುತ್ತದೆ. ಸೊಪ್ಪಿನ ಬುಟ್ಟಿಯಿಟ್ಟು ಕೂತ ಹೆಂಗಸು ಗುತ್ತಿಗೆದಾರನಿಗೆ ಎಷ್ಟು ಕೊಡಬೇಕೆಂಬ ದರಪಟ್ಟಿ ಸಂತೆಮಾಳದಲ್ಲಿ ಕಣ್ಣಿಗೆ ಬೀಳುವುದು ಕಡಿಮೆ. ಶರತ್ತು ಪದ್ಧತಿಯ ನೆರಳು ಇಲ್ಲಿ ಪೂರ್ತಿ ಸರಿದಿಲ್ಲ.

ಪಟ್ಟಣದವರಿಗೆ ವರ್ಷಕ್ಕೊಮ್ಮೆ ಆಯವ್ಯಯದ ಪೂರ್ವಭಾವಿ ಸಭೆ ಇದೆ, ಹಳ್ಳಿಯವರಿಗೆ ಗ್ರಾಮಸಭೆ ಇದೆ. ಗದ್ದೆಯಲ್ಲಿ ದುಡಿಯುವವರಿಗೂ ಈ ಸಭೆಗಳಲ್ಲಿ ಜಾಗವಿದೆ. ಹಳೆಯ ಮಹಾಜನರ ಕಾಲಕ್ಕೂ ಇಂದಿಗೂ ಇರುವ ದೊಡ್ಡ ವ್ಯತ್ಯಾಸ ಅದು. ಅಂಬ್ಲಿಗೊಳದವರಾಗಲಿ, ಶಿಕಾರಿಪುರ, ಸೊರಬದವರಾಗಲಿ, ಮುಂದಿನ ಸಭೆಗೆ ಹೋದಾಗ ಮೂರು ಸಂಗತಿ ಕೇಳಲಿ: ಊರಿನ ನಕ್ಷೆ, ಕಂದಾಯದ ದರ, ಕಳೆದ ವರ್ಷ ಬಂದ ಹಣ ಹೋದ ಬಾಬತ್ತು. ಮೂರನ್ನೂ ಕಚೇರಿಯ ಹೊರಗೋಡೆಯ ಮೇಲೆ, ಎಲ್ಲರೂ ಓದುವಷ್ಟು ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಬರೆಸುವಂತೆ ಪಟ್ಟು ಹಿಡಿಯಲಿ.