ಭಾರ ಎತ್ತುವ ವ್ಯಾಯಾಮ ಮತ್ತು ರಕ್ತದೊತ್ತಡ: ಕ್ಷಣದ ಏರಿಕೆ, ತಿಂಗಳುಗಳ ಇಳಿಕೆ

ಪೀಠಿಕೆ

‘ಬಿ.ಪಿ. ಇದೆ, ಭಾರ ಎತ್ತಬೇಡಿ’ ಎಂಬ ಎಚ್ಚರಿಕೆ ನಮ್ಮಲ್ಲಿ ಮನೆಮಾತು. ವಾಕಿಂಗ್ ಹೊರಟವರನ್ನು ಯಾರೂ ತಡೆಯುವುದಿಲ್ಲ. ಡಂಬೆಲ್ಸ್ ಹಿಡಿದರೆ ಮನೆಮಂದಿಗೆಲ್ಲ ಆತಂಕ. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 35.5ರಷ್ಟು ಮಂದಿಗೆ ಅಧಿಕ ರಕ್ತದೊತ್ತಡವಿದೆ. ಇಷ್ಟು ಜನರನ್ನು ಒಂದು ವ್ಯಾಯಾಮದಿಂದಲೇ ದೂರವಿಡುವ ಸಲಹೆಯನ್ನು ಪುರಾವೆಗಳ ಬೆಳಕಿನಲ್ಲಿ ಪರಿಶೀಲಿಸುವುದು ಅಗತ್ಯ. ಎತ್ತುವಾಗ ಏರುವ ಒತ್ತಡವನ್ನೂ ವಿಶ್ರಾಂತಿಯಲ್ಲಿರುವಾಗಿನ ಒತ್ತಡವನ್ನೂ ಬೇರ್ಪಡಿಸಿ ನೋಡದಿರುವುದೇ ಈ ಭಯದ ಮೂಲ ಎಂಬುದು ಪ್ರಸ್ತುತ ಲೇಖನದ ವಾದ.

ಎತ್ತುವ ಕ್ಷಣ

ಭಯಕ್ಕೆ ಆಧಾರ ಇಲ್ಲದಿಲ್ಲ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಮ್ಯಾಕ್‌ಡೂಗಲ್ ಮತ್ತು ಸಂಗಡಿಗರು 1985ರಲ್ಲಿ ಐವರು ಅನುಭವಿ ದೇಹದಾರ್ಢ್ಯಪಟುಗಳ ತೋಳಿನ ಅಪಧಮನಿಯೊಳಗೇ ನಳಿಕೆ ಇಳಿಸಿ ಒತ್ತಡ ಅಳೆದರು. ಎರಡೂ ಕಾಲುಗಳಿಂದ ಭಾರ ತಳ್ಳುವಾಗ ಒತ್ತಡದ ಗರಿಷ್ಠ ಮಟ್ಟ ಸರಾಸರಿ 320/250 ಮಿ.ಮೀ. ಪಾದರಸಕ್ಕೆ ಮುಟ್ಟಿತು, ಒಬ್ಬರಲ್ಲಿ ಅದು 480/350ನ್ನೂ ದಾಟಿತು. ಭಾರವನ್ನು ತಳ್ಳುವಾಗ ಸರ್ರನೆ ಏರಿದ ಒತ್ತಡ, ಅದನ್ನು ಇಳಿಸುವಾಗ ತಗ್ಗುತ್ತಿತ್ತು.

ಇದಕ್ಕೆ ಮೂರು ಕಾರಣಗಳು ಕೂಡಿಬರುತ್ತವೆ. ಬಿಗಿದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನು ಅದುಮುತ್ತದೆ. ಸ್ನಾಯುವಿನಿಂದ ಹೊರಟ ನರಸಂಕೇತಗಳು ಹೃದಯಬಡಿತವನ್ನೂ ನಾಳಗಳ ಬಿಗಿತವನ್ನೂ ಹೆಚ್ಚಿಸುತ್ತವೆ. ಉಸಿರು ಬಿಗಿಹಿಡಿದು ಮುಕ್ಕಿದಾಗ ಎದೆಯೊಳಗಿನ ಒತ್ತಡವೂ ಇವಕ್ಕೆ ಸೇರಿಕೊಳ್ಳುತ್ತದೆ. ಮೂರನೆಯದು ಬಹುಮಟ್ಟಿಗೆ ನಮ್ಮ ಹತೋಟಿಯಲ್ಲಿದೆ. ಆ ಐವರು ಎತ್ತಿದ್ದು ತಮ್ಮ ಗರಿಷ್ಠ ಸಾಮರ್ಥ್ಯದ ಆಸುಪಾಸಿನ ಭಾರ. ಅದೂ ಇನ್ನು ಸಾಧ್ಯವೇ ಇಲ್ಲ ಎನ್ನುವವರೆಗೆ. ಆ ಅಂಕಿಗಳನ್ನು ಹದವಾದ ಭಾರ ಎತ್ತುವ ರೋಗಿಗೆ ನೇರವಾಗಿ ಅನ್ವಯಿಸಲಾಗದು.

ತಿಂಗಳುಗಳ ಅಭ್ಯಾಸ

ಕೊರ್ನೆಲಿಸೆನ್ ಮತ್ತು ಸ್ಮಾರ್ಟ್ 2013ರಲ್ಲಿ ಪ್ರಕಟಿಸಿದ ಸಮಗ್ರ ವಿಶ್ಲೇಷಣೆಯಲ್ಲಿ, ಭಾರ ಎತ್ತಿ ಇಳಿಸುವ ವ್ಯಾಯಾಮದಿಂದ ವಿಶ್ರಾಂತಿಯ ಒತ್ತಡ ಸರಾಸರಿ 1.8/3.2 ಮಿ.ಮೀ.ನಷ್ಟು ಇಳಿದಿತ್ತು. 270 ಪ್ರಯೋಗಗಳನ್ನು ಒಟ್ಟುಗೂಡಿಸಿದ ಎಡ್ವರ್ಡ್ಸ್ ತಂಡದ 2023ರ ಅಧ್ಯಯನದಲ್ಲಿ ಈ ಇಳಿಕೆ 4.55/3.04, ನಡಿಗೆ, ಓಟದಂಥ ವ್ಯಾಯಾಮಗಳಿಂದ ಆದ ಇಳಿಕೆಗೆ ಇದು ಹೆಚ್ಚುಕಡಿಮೆ ಸಮ. ಗೋಡೆಗೆ ಬೆನ್ನಾನಿಸಿ, ಮಂಡಿ ಮಡಿಸಿ ಕದಲದೆ ನಿಲ್ಲುವುದು, ಹಿಡಿಕೆಯನ್ನು ಅದುಮಿ ಹಿಡಿಯುವುದು ಮೊದಲಾದ ಸ್ಥಿರ ವ್ಯಾಯಾಮಗಳಲ್ಲಿ ಇಳಿಕೆ 8.24/4.00ರಷ್ಟಿತ್ತು. ಆದರೆ ಸ್ಥಿರ ವ್ಯಾಯಾಮದ ಪ್ರಯೋಗಗಳು ಸಂಖ್ಯೆಯಲ್ಲಿ ಕಡಿಮೆ. ಹೋಲಿಕೆಯೂ ಬಹುಪಾಲು ಪರೋಕ್ಷವಾದುದು. ಆದ್ದರಿಂದ ಯಾವುದು ಮೇಲು ಎಂಬ ತೀರ್ಪಿಗೆ ಅವಸರ ಸಲ್ಲದು.

ಪ್ರತಿಕೂಲ ಪುರಾವೆಯನ್ನೂ ಗಮನಿಸಬೇಕು. ಮಿಯಾಚಿ ತಂಡದ 2004ರ ಪ್ರಯೋಗದಲ್ಲಿ, ನಾಲ್ಕು ತಿಂಗಳು ತೀವ್ರ ಭಾರಸಾಧನೆ ಮಾಡಿದ ಆರೋಗ್ಯವಂತ ಪುರುಷರ ಕತ್ತಿನ ಅಪಧಮನಿಯ ಹಿಗ್ಗುವ ಗುಣ ಶೇ. 19ರಷ್ಟು ಕುಗ್ಗಿತು, ಅಭ್ಯಾಸ ನಿಲ್ಲಿಸಿದ ಮೇಲೆ ಮೊದಲಿನ ಸ್ಥಿತಿಗೆ ಮರಳಿತು. ಹೆಚ್ಚು ಭಾರ ಎತ್ತಿದಷ್ಟೂ ಹೆಚ್ಚು ಲಾಭ ಎಂಬ ನಂಬಿಕೆಯನ್ನು ಈ ಫಲಿತಾಂಶ ಒಪ್ಪುವುದಿಲ್ಲ.

ಸಲಹೆಯ ಸ್ವರೂಪ

ಅಮೆರಿಕದ ಹೃದ್ರೋಗ ಸಂಸ್ಥೆಗಳ 2017ರ ಮಾರ್ಗಸೂಚಿ ಪ್ರಮಾಣವನ್ನೇ ಹೇಳಿತ್ತು: ಒಮ್ಮೆ ಎತ್ತಬಲ್ಲ ಗರಿಷ್ಠ ಭಾರದ ಶೇ. 50–80, ಆರು ಬಗೆಯ ವ್ಯಾಯಾಮ, ತಲಾ ಮೂರು ಸೆಟ್, ಸೆಟ್ಟಿಗೆ ಹತ್ತು ಸಲ, ವಾರಕ್ಕೆ 90–150 ನಿಮಿಷ. ರಕ್ತದೊತ್ತಡದ ರೋಗಿ ಕೆಳಮಿತಿಯಿಂದ, ಅಥವಾ ಅದಕ್ಕೂ ಹಗುರವಾಗಿ, ಆರಂಭಿಸುವುದು ಕ್ಷೇಮ. ಎತ್ತುವಾಗ ಉಸಿರು ಬಿಡಬೇಕು, ಇಳಿಸುವಾಗ ಎಳೆದುಕೊಳ್ಳಬೇಕು. ಒತ್ತಡ ತೀರಾ ಏರುವುದು ಸೆಟ್ಟಿನ ಕೊನೆಯ ಹೆಣಗಾಟದಲ್ಲಿ. ಹಾಗಾಗಿ ಇನ್ನೆರಡು ಸಲ ಎತ್ತಬಲ್ಲೆ ಎನ್ನುವಾಗಲೇ ನಿಲ್ಲಿಸಬೇಕು. ವಿಶ್ರಾಂತಿಯಲ್ಲೇ 180/110 ದಾಟಿದವರು ಮೊದಲು ಚಿಕಿತ್ಸೆಯಿಂದ ಅದನ್ನು ಹತೋಟಿಗೆ ತಂದುಕೊಳ್ಳಬೇಕು. ವೈದ್ಯರನ್ನು ಕೇಳದೆ ಯಾರೂ ಮಾತ್ರೆ ಬಿಡಬಾರದು.

ಉಪಸಂಹಾರ

ಮೇಲಿನ ಪುರಾವೆಗಳು ಸಾರಾಸಗಟು ನಿಷೇಧವನ್ನು ಸಮರ್ಥಿಸುವುದಿಲ್ಲ. ಅಂಕೆಯಿಲ್ಲದ ಭಾರಸಾಧನೆಯನ್ನೂ ಸಮರ್ಥಿಸುವುದಿಲ್ಲ. ಔಷಧಿ ಬರೆಯುವಾಗ ಎಷ್ಟು, ಎಷ್ಟು ಹೊತ್ತಿಗೊಮ್ಮೆ ಎಂದು ನಮೂದಿಸುವ ವೈದ್ಯರು ವ್ಯಾಯಾಮಕ್ಕೂ ಅದೇ ಶಿಸ್ತನ್ನು ಅನ್ವಯಿಸಬೇಕು. ಎಷ್ಟು ಭಾರ, ಎಷ್ಟು ಸಲ, ಉಸಿರಾಟ ಹೇಗೆ ಎಂಬ ಮೂರೂ ಚೀಟಿಯಲ್ಲಿದ್ದರೆ ರೋಗಿಯ ಭಯಕ್ಕೆ ಉತ್ತರ ದೊರೆಯುತ್ತದೆ, ವ್ಯಾಯಾಮಶಾಲೆಯ ತರಬೇತುದಾರನಿಗೂ ದಾರಿ ಸಿಗುತ್ತದೆ.