ಶೇಖಾವಾಟಿಯ ಬೀದಿಗೋಡೆಗಳ ಭಿತ್ತಿಚಿತ್ರಗಳು ಹಾಗೂ ಅವುಗಳಲ್ಲಿ ಆಗಿರುವ ಬದಲಾವಣೆಗಳು – ಸಾರ್ವಜನಿಕ ಮಾಹಿತಿ

1. ಪೀಠಿಕೆ

ರಾಜಸ್ಥಾನ ರಾಜ್ಯದಲ್ಲಿ, ಥಾರ್ ಮರುಭೂಮಿಯ ಪೂರ್ವದ ಅಂಚಿನಲ್ಲಿರುವ ಪ್ರದೇಶವನ್ನು ಶೇಖಾವಾಟಿ ಎಂದು ಕರೆಯಲಾಗುತ್ತದೆ. ಮುಖ್ಯವಾಗಿ ಝುಂಝುನು ಮತ್ತು ಸೀಕರ್ ಜಿಲ್ಲೆಗಳು ಇದರ ವ್ಯಾಪ್ತಿಗೆ ಬರುತ್ತವೆ. 15ನೇ ಶತಮಾನದ ರಾವ್ ಶೇಖಾ ಎಂಬ ಅರಸನಿಂದ ಪ್ರದೇಶಕ್ಕೆ ಈ ಹೆಸರು ಬಂದಿರುತ್ತದೆ. ನವಲಗಢ, ಮಂಡಾವಾ, ಫತೇಪುರ, ರಾಮಗಢ ಮುಂತಾದ ಪಟ್ಟಣಗಳಲ್ಲಿ ಹವೇಲಿಗಳೆಂದು ಕರೆಯಲ್ಪಡುವ ದೊಡ್ಡ ಮನೆಗಳಿದ್ದು, ಅವುಗಳ ಒಳಗೋಡೆಗಳಲ್ಲದೆ ಬೀದಿಗೆ ಕಾಣುವ ಹೊರಗೋಡೆಗಳೂ ಚಿತ್ರಗಳಿಂದ ತುಂಬಿರುತ್ತವೆ.

ಈ ಚಿತ್ರಗಳಲ್ಲಿ ಎರಡು ಬಗೆಯ ಬದಲಾವಣೆಗಳನ್ನು ಕಾಣಬಹುದು. ಒಂದು, ಕಾಲಕ್ಕೆ ತಕ್ಕಂತೆ ಚಿತ್ರಕಾರರೇ ತಂದ ಬದಲಾವಣೆ. ಇನ್ನೊಂದು, ನಿರ್ಲಕ್ಷ್ಯದಿಂದ ಮತ್ತು ತಪ್ಪಾದ ದುರಸ್ತಿಯಿಂದ ಆಗುತ್ತಿರುವ ನಷ್ಟ. ಇವೆರಡರ ವ್ಯತ್ಯಾಸವನ್ನು ಈ ಪಟ್ಟಣಗಳಿಗೆ ಭೇಟಿ ನೀಡುವ ನಾಗರಿಕರಿಗೂ ಹಳೆಯ ಕಟ್ಟಡಗಳ ಮಾಲೀಕರಿಗೂ ತಿಳಿಸುವ ಉದ್ದೇಶದಿಂದ ಈ ಮಾಹಿತಿಯನ್ನು ಒದಗಿಸಲಾಗಿದೆ.

2. ಹವೇಲಿಗಳಿಗೆ ಹಣ ಬಂದ ಬಗೆ

ಗುಜರಾತಿನ ಬಂದರುಗಳಿಂದ ಉತ್ತರ ಭಾರತಕ್ಕೆ ಸಾಗುತ್ತಿದ್ದ ಒಂಟೆಗಳ ಸಾರ್ಥಗಳು ಈ ಪ್ರದೇಶದ ಮೂಲಕ ಹಾದುಹೋಗುತ್ತಿದ್ದವು. 1818ರಲ್ಲಿ ಜೈಪುರ ಸಂಸ್ಥಾನವು ಬ್ರಿಟಿಷರೊಡನೆ ಒಪ್ಪಂದ ಮಾಡಿಕೊಂಡಿತು. ವ್ಯಾಪಾರವು ಕ್ರಮೇಣ ಕಲ್ಕತ್ತಾ ಮತ್ತು ಬೊಂಬಾಯಿ ಬಂದರುಗಳ ಕಡೆಗೆ ಸರಿಯಿತು. ಮಾರವಾಡಿ ವರ್ತಕರೂ ಆ ನಗರಗಳಿಗೆ ವಲಸೆ ಹೋದರು. ಆದರೆ ಕುಟುಂಬವು ಊರಿನಲ್ಲಿಯೇ ಇದ್ದುದರಿಂದ, ಗಳಿಸಿದ ಲಾಭದ ಒಂದು ಭಾಗ ಊರಿಗೆ ಬಂದು ಹವೇಲಿ, ದೇವಾಲಯ, ಬಾವಿ ಹಾಗೂ ಛತ್ರಗಳ ನಿರ್ಮಾಣಕ್ಕೆ ವಿನಿಯೋಗವಾಯಿತು. ಘನಶ್ಯಾಮದಾಸ್ ಬಿರ್ಲಾ ಅವರು 1894ರಲ್ಲಿ ಜನಿಸಿದ ಪಿಲಾನಿಯೂ ಇದೇ ಪ್ರದೇಶದಲ್ಲಿದೆ. ಊರಿನಲ್ಲಿ ಇಲ್ಲದ ಯಜಮಾನನ ಅಂತಸ್ತನ್ನು ಬೀದಿಯಲ್ಲಿ ಹೋಗುವವರಿಗೆ ಆ ಗೋಡೆಗಳೇ ತೋರಿಸಬೇಕಾಗಿತ್ತು.

3. ಚಿತ್ರ ಬರೆಯುವ ವಿಧಾನ

ಚೇಜಾರಾ ಎಂದು ಕರೆಯಲ್ಪಡುತ್ತಿದ್ದ ಕುಶಲಕರ್ಮಿಗಳು ಗಾರೆ ಕೆಲಸವನ್ನೂ ಚಿತ್ರ ಬರೆಯುವುದನ್ನೂ ತಾವೇ ನಿರ್ವಹಿಸುತ್ತಿದ್ದರು. ಇವರಲ್ಲಿ ಹೆಚ್ಚಿನವರು ಕುಂಬಾರ ಸಮುದಾಯದವರು. ಸುಣ್ಣದ ಗಾರೆಯನ್ನು ಹಲವು ಪದರಗಳಲ್ಲಿ ಹಚ್ಚಿ, ಕೊನೆಯ ಪದರ ಹಸಿಯಾಗಿರುವಾಗಲೇ ಬಣ್ಣ ಹಾಕಿ, ಕರಣೆಯಿಂದ ತಟ್ಟಿ, ಅಗೇಟ್ ಕಲ್ಲಿನಿಂದ ಉಜ್ಜಿ ಹೊಳಪು ತರಲಾಗುತ್ತಿತ್ತು. ಗಾರೆ ಒಣಗುವಾಗ ಸುಣ್ಣವು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಗಟ್ಟಿಯಾಗುತ್ತದೆ ಮತ್ತು ಬಣ್ಣವನ್ನು ತನ್ನೊಳಗೆ ಹಿಡಿದಿಡುತ್ತದೆ. ಆದ್ದರಿಂದ ಬಣ್ಣವು ಗೋಡೆಯ ಮೇಲೆ ಬಳಿದದ್ದಾಗಿರದೆ ಗೋಡೆಯ ಭಾಗವೇ ಆಗಿರುತ್ತದೆ. ಬಿಸಿಲಿಗೆ ಒಡ್ಡಿದ ಹೊರಗೋಡೆಗಳ ಮೇಲೂ ನೂರಾರು ವರ್ಷಗಳ ಹಿಂದಿನ ಚಿತ್ರಗಳು ಉಳಿದಿರುವುದಕ್ಕೆ ಈ ವಿಧಾನವೂ ಮಳೆ ಕಡಿಮೆ ಇರುವ ಹವೆಯೂ ಕಾರಣಗಳಾಗಿವೆ.

4. ವಸ್ತು ಮತ್ತು ಬಣ್ಣ ಬದಲಾದ ಬಗೆ

ಹಳೆಯ ಚಿತ್ರಗಳಲ್ಲಿ ಕೆಮ್ಮಣ್ಣಿನ ಕೆಂಪು, ಹಳದಿ ಮಣ್ಣು, ದೀಪದ ಮಸಿಯ ಕಪ್ಪು ಮತ್ತು ಸುಣ್ಣದ ಬಿಳುಪು ಪ್ರಧಾನವಾಗಿರುತ್ತವೆ. ರಾಮಾಯಣ, ಕೃಷ್ಣಲೀಲೆ, ಢೋಲಾ–ಮಾರೂ ಪ್ರೇಮಕಥೆ, ಆನೆ ಮತ್ತು ಒಂಟೆಗಳ ಮೆರವಣಿಗೆ ಇವು ಅವುಗಳ ವಸ್ತು. 19ನೇ ಶತಮಾನದ ಉತ್ತರಾರ್ಧದಲ್ಲಿ ಜರ್ಮನಿ ಮುಂತಾದ ದೇಶಗಳ ರಾಸಾಯನಿಕ ಬಣ್ಣಗಳು ಬಂದವು. ಪ್ರಖರವಾದ ನೀಲಿ ಮತ್ತು ಕೆಂಪು ಬಣ್ಣಗಳು ಸುಲಭವಾಗಿ ದೊರೆತವು. ಒಣಗಿದ ಗಾರೆಯ ಮೇಲೆ ಬಣ್ಣ ಹಾಕುವುದೂ ರೂಢಿಗೆ ಬಂತು. ಆದರೆ ಹೀಗೆ ಬರೆದ ಚಿತ್ರಗಳು ಹಸಿಗಾರೆಯ ಚಿತ್ರಗಳಷ್ಟು ಬಾಳಿಕೆ ಬರುವುದಿಲ್ಲ.

ಇದೇ ಅವಧಿಯಲ್ಲಿ ರೈಲುಗಾಡಿ, ಮೋಟಾರು ಕಾರು, ಗ್ರಾಮಫೋನು, ಟೋಪಿ ಧರಿಸಿದ ಬ್ರಿಟಿಷ್ ಅಧಿಕಾರಿಗಳು ದೇವತೆಗಳ ಪಕ್ಕದಲ್ಲಿಯೇ ಕಾಣಿಸಿಕೊಂಡರು. ಮುದ್ರಿತ ಚಿತ್ರಗಳನ್ನು ನೋಡಿ ಬರೆಯುವ ಪದ್ಧತಿಯೂ ಬೆಳೆಯಿತು. ಮಂಡಾವಾದ ನೇವಟಿಯಾ ಹವೇಲಿಯ ಗೋಡೆಯ ಮೇಲೆ ವಿಮಾನವನ್ನೂ ದೂರವಾಣಿ ಹಿಡಿದ ಹುಡುಗನನ್ನೂ ನೋಡಬಹುದು.

ಚಿತ್ರದ ವಸ್ತುವಿನಿಂದ ಅದರ ಕಾಲವನ್ನು ಅಂದಾಜು ಮಾಡಬಹುದಾಗಿದೆ. ಭಾರತದಲ್ಲಿ ಪ್ರಯಾಣಿಕರ ರೈಲು ಆರಂಭವಾದದ್ದು 1853ರಲ್ಲಿ. ರೈಟ್ ಸಹೋದರರು ವಿಮಾನ ಹಾರಿಸಿದ್ದು 1903ರಲ್ಲಿ. ಆದ್ದರಿಂದ ವಿಮಾನದ ಚಿತ್ರವಿರುವ ಗೋಡೆಯು 20ನೇ ಶತಮಾನದ್ದೆಂದು ತಿಳಿಯಬಹುದು.

5. ಈಗ ಆಗುತ್ತಿರುವ ಹಾನಿ

1930ರ ದಶಕದ ವೇಳೆಗೆ ಹೊಸ ಚಿತ್ರಗಳನ್ನು ಬರೆಸುವುದು ಬಹುಮಟ್ಟಿಗೆ ನಿಂತಿತು. ಕುಟುಂಬಗಳೂ ನಗರಗಳಲ್ಲಿ ನೆಲೆಸಿದವು. ಇಂದು ಅನೇಕ ಹವೇಲಿಗಳು ಬೀಗ ಹಾಕಿದ ಸ್ಥಿತಿಯಲ್ಲಿ ಕಾವಲುಗಾರನೊಬ್ಬನ ವಶದಲ್ಲಿರುತ್ತವೆ. ಒಂದು ಕಟ್ಟಡಕ್ಕೆ ಹಲವು ವಾರಸುದಾರರಿರುವಲ್ಲಿ ದುರಸ್ತಿಯ ಬಗ್ಗೆ ಒಮ್ಮತವಾಗುವುದು ಕಷ್ಟಸಾಧ್ಯ. ಹಾನಿಯ ಮುಖ್ಯ ಕಾರಣಗಳು ಈ ಕೆಳಗಿನಂತಿವೆ:

ಅ) ಚಾವಣಿ ಮತ್ತು ಕೊಳವೆಗಳಿಂದ ನೀರು ಸೋರಿ ಗೋಡೆಯಲ್ಲಿ ತೇವ ನಿಲ್ಲುವುದು.
ಆ) ಸುಣ್ಣದ ಗೋಡೆಗೆ ಸಿಮೆಂಟ್ ಗಾರೆ ಹಚ್ಚುವುದು. ಸಿಮೆಂಟಿನ ಮೂಲಕ ಹೊರಹೋಗಲಾಗದ ತೇವವು ಪಕ್ಕದ ಚಿತ್ರದ ಭಾಗದಿಂದ ಹೊರಬರುತ್ತದೆ. ಅದರೊಡನೆ ಬಂದ ಲವಣಗಳು ಹರಳುಗಟ್ಟಿ ಬಣ್ಣದ ಪದರ ಉದುರುತ್ತದೆ.
ಇ) ಚಿತ್ರಗಳ ಮೇಲೆ ಸುಣ್ಣ ಬಳಿಯುವುದು, ಭಿತ್ತಿಪತ್ರ ಅಂಟಿಸುವುದು, ಜಾಹೀರಾತು ಬರೆಯುವುದು.
ಈ) ಮಾಸಿದ ಚಿತ್ರದ ಮೇಲೆ ಎಣ್ಣೆಬಣ್ಣ ಅಥವಾ ಅಕ್ರಿಲಿಕ್ ಬಣ್ಣದಿಂದ ಪುನಃ ಬರೆಯುವುದು.
ಉ) ಹವೇಲಿಯನ್ನು ಕೆಡವಿ, ಕೆತ್ತನೆಯ ಬಾಗಿಲು ಮತ್ತು ಕಿಟಕಿಗಳನ್ನು ಮಾರಾಟ ಮಾಡುವುದು.

ಉಳಿಸಿಕೊಂಡ ಉದಾಹರಣೆಗಳೂ ಇವೆ. ನವಲಗಢದಲ್ಲಿ 1902ರಲ್ಲಿ ನಿರ್ಮಾಣವಾದ ಪೋದ್ದಾರ್ ಹವೇಲಿಯು ವಸ್ತುಸಂಗ್ರಹಾಲಯವಾಗಿದೆ. ಫತೇಪುರದ ಒಂದು ಹವೇಲಿಯನ್ನು 1990ರ ದಶಕದ ಕೊನೆಯಲ್ಲಿ ಫ್ರೆಂಚ್ ಕಲಾವಿದೆ ನದೀನ್ ಲ ಪ್ರಾಂಸ್ ಅವರು ಖರೀದಿಸಿ ಜೀರ್ಣೋದ್ಧಾರ ಮಾಡಿಸಿದರು. ಕೆಲವು ಹವೇಲಿಗಳು ಹೋಟೆಲುಗಳಾಗಿವೆ.

6. ನಾಗರಿಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರ: ಎಲ್ಲ ಹವೇಲಿಗಳೂ ಸಂರಕ್ಷಿತ ಸ್ಮಾರಕಗಳೇ?
ಉ: ಅಲ್ಲ. 1958ರ ಕೇಂದ್ರ ಅಧಿನಿಯಮ ಅಥವಾ 1961ರ ರಾಜಸ್ಥಾನ ಅಧಿನಿಯಮದಡಿ ಘೋಷಿತವಾದ ಕಟ್ಟಡಗಳು ಮಾತ್ರ ಸಂರಕ್ಷಿತ ಸ್ಮಾರಕಗಳು. ಹೆಚ್ಚಿನ ಹವೇಲಿಗಳು ಖಾಸಗಿ ಸ್ವತ್ತುಗಳಾಗಿದ್ದು, ಅವುಗಳ ಉಳಿವು ಮಾಲೀಕರ ತೀರ್ಮಾನವನ್ನೇ ಅವಲಂಬಿಸಿರುತ್ತದೆ.

ಪ್ರ: ಹಳೆಯ ಬಾಗಿಲನ್ನು ಕೊಂಡು ವಿದೇಶಕ್ಕೆ ಒಯ್ಯಬಹುದೇ?
ಉ: ಕಟ್ಟಡದಿಂದ ಬೇರ್ಪಡಿಸಿದ, ನೂರು ವರ್ಷಕ್ಕೆ ಕಡಿಮೆಯಿಲ್ಲದ ವಸ್ತುವು 1972ರ ಪುರಾವಸ್ತು ಮತ್ತು ಕಲಾನಿಧಿ ಅಧಿನಿಯಮದ ಪ್ರಕಾರ ಪುರಾವಸ್ತುವಾಗಿರುತ್ತದೆ. ಅದನ್ನು ಖಾಸಗಿ ವ್ಯಕ್ತಿಗಳು ರಫ್ತು ಮಾಡುವಂತಿಲ್ಲ. ಸಂಶಯವಿದ್ದಲ್ಲಿ, ವಸ್ತುವು ಪುರಾವಸ್ತುವಲ್ಲವೆಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪಡೆಯತಕ್ಕದ್ದು.

ಪ್ರ: ಮಾಸಿದ ಚಿತ್ರಕ್ಕೆ ಹೊಸ ಬಣ್ಣ ಹಾಕಿಸಿದರೆ ತಪ್ಪೇನು?
ಉ: ಗೋಡೆ ಹೊಸದಾಗಿ ಕಾಣುತ್ತದೆ, ನಿಜ. ಆದರೆ ಹಳೆಯ ಚಿತ್ರಕಾರನ ರೇಖೆ ಮುಚ್ಚಿಹೋಗುತ್ತದೆ. ಮೇಲಿನ ಬಣ್ಣವನ್ನು ತೆಗೆಯಲು ಹೋದರೆ ಕೆಳಗಿನದೂ ಕಿತ್ತುಬರುವ ಸಂಭವವಿರುತ್ತದೆ. ಮೊದಲು ನೀರು ಸೋರುವುದನ್ನು ನಿಲ್ಲಿಸಿ, ಒಡೆದ ಭಾಗವನ್ನು ಸುಣ್ಣದ ಗಾರೆಯಿಂದ ಭದ್ರಪಡಿಸಿ, ಉಳಿದ ಚಿತ್ರವನ್ನು ಇದ್ದಂತೆಯೇ ಬಿಡುವುದು ಸೂಕ್ತ.

7. ವಿನಂತಿ

ಚಿತ್ರಗಳನ್ನು ಕೈಯಿಂದ ಮುಟ್ಟಬಾರದು. ಒದ್ದೆ ಬಟ್ಟೆಯಿಂದ ಒರೆಸಬಾರದು. ಖಾಸಗಿ ಹವೇಲಿಯೊಳಗೆ ಪ್ರವೇಶಿಸುವ ಮುನ್ನ ಕಾವಲುಗಾರನ ಅನುಮತಿ ಪಡೆಯತಕ್ಕದ್ದು. ಮಾಲೀಕರು ದುರಸ್ತಿ ಕೈಗೊಳ್ಳುವ ಮುನ್ನ ಪ್ರತಿ ಗೋಡೆಯ ಛಾಯಾಚಿತ್ರವನ್ನು ದಿನಾಂಕ ಸಹಿತ ಇಟ್ಟುಕೊಳ್ಳುವುದು ಒಳಿತು. ಚಿತ್ರ ಅಳಿದುಹೋದ ಪಕ್ಷದಲ್ಲಿ ಉಳಿಯುವ ದಾಖಲೆ ಅದೊಂದೇ ಆಗಿರುತ್ತದೆ. ನಮ್ಮ ಸಮ್ಮಿಶ್ರ ಸಂಸ್ಕೃತಿಯ ಪರಂಪರೆಯನ್ನು ಗೌರವಿಸಿ ಕಾಪಾಡುವುದು ಸಂವಿಧಾನದ 51ಎ(ಎಫ್) ವಿಧಿಯಂತೆ ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವಾಗಿರುವುದರಿಂದ, ಎಲ್ಲರೂ ಸಹಕರಿಸಬೇಕಾಗಿ ಕೋರಲಾಗಿದೆ.